ಗೀಸರ್ ಪ್ಲಗ್ಗು, ಓಮ್ ಮೇಷ್ಟ್ರು ಮತ್ತು ನಮ್ಮವ್ವನ ಪ್ರಶ್ನೆ

ಹೋದ ವಾರ ನಮ್ಮ ಡೊಂಬಿವಲಿ ಮನೆಯ ಗೀಸರ್ ಪ್ಲಗ್ಗು ಸುಟ್ಟು ಕರಕಲಾಯಿತು. ವೈರ್‌ಮನ್ ಬಂದು ನೋಡಿ, "ಲೂಸ್ ಕಾಂಟ್ಯಾಕ್ಟ್ ಹೈ ಕಾಕಾ" ಅಂದ, ಹೊಸದು ಹಾಕಿ ಹೋದ. ಆದರೆ ಮೊಮ್ಮಗಳು ಬಿಡಬೇಕಲ್ಲ! "ತಾತ, ಕಾಯಬೇಕಾದ್ದು ನೀರು. ಪ್ಲಗ್ಗು ಯಾಕೆ ಕಾಯ್ತು?"

ಪೇಪರು ಪೆನ್ನು ಹಿಡಿದು ಕೂತೆ. ಗೀಸರ್ 2000 ವ್ಯಾಟಿನದು, ಮನೆಯ ವೋಲ್ಟೇಜು 230. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು ಸುಮಾರು 8.7 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಗೀಸರಿನ ರೆಸಿಸ್ಟೆನ್ಸು, ನಮ್ಮ ಶಾಲೆಯ ಪುಸ್ತಕದ 'ರೋಧ', ಸುಮಾರು 26.4 ಓಮ್. ಸಡಿಲವಾದ ಪಿನ್ನಿನಲ್ಲಿ ಬರೀ ಅರ್ಧ ಓಮ್ ರೋಧ ಇತ್ತು ಅಂದುಕೊಳ್ಳಿ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ 38 ವ್ಯಾಟ್! ರೇಡಿಯೋ ರಿಪೇರಿಯವನ ಸೋಲ್ಡರಿಂಗ್ ಐರನ್ನಿನಷ್ಟು ಬಿಸಿ, ಬೆರಳ ತುದಿಯಷ್ಟು ಜಾಗದಲ್ಲಿ. ಕರಕಲಾಗದೆ ಇನ್ನೇನಾದೀತು?

ಹುಡುಗಿಗೆ ಸಮಾಧಾನವಾಯಿತು. ನನಗೆ ಮಾತ್ರ ಈ ಲೆಕ್ಕ ಹಾಕಿಕೊಟ್ಟವನ ಕಥೆ ನೆನಪಾಯಿತು.

ಗೇಯಾರ್ಗ್ ಸೈಮನ್ ಓಮ್ ಹುಟ್ಟಿದ್ದು 1789ರಲ್ಲಿ, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ಅಪ್ಪ ಬೀಗ ಮಾಡುವ ಕಸುಬಿನವನು. ತಾನೇ ಗಣಿತ ಕಲಿತು ಮಕ್ಕಳಿಗೂ ಹೇಳಿಕೊಟ್ಟವನು. ಮಗ ಕಲೋನ್ ಊರಿನಲ್ಲಿ ಶಾಲಾ ಮೇಷ್ಟ್ರಾದ. ಪಾಠ ಮುಗಿದ ಮೇಲೆ ತಂತಿಗಳ ಸಹವಾಸ. 1825ರಲ್ಲಿ ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು. ಅಂದಿನ ಬ್ಯಾಟರಿಗಳು ಅಳೆಯುತ್ತಿದ್ದ ಹಾಗೇ ಸೊರಗಿಬಿಡುತ್ತಿದ್ದವು. ಪೊಗೆನ್‌ಡೋರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮ್ ಬ್ಯಾಟರಿ ಬಿಟ್ಟು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿದ. ಒಂದು ಬೆಸುಗೆ ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಎರಡರ ಶಾಖ ಬದಲಾಗದ ಕಾರಣ ವೋಲ್ಟೇಜೂ ಕದಲಲಿಲ್ಲ. ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಹಾಕಿ, ತೂಗುಬಿಟ್ಟ ಅಯಸ್ಕಾಂತದ ಸೂಜಿ ಎಷ್ಟು ತಿರುಗಿತು ಎಂದು ಅಳೆದ. ತಂತಿ ಉದ್ದವಾದಷ್ಟೂ ಕರೆಂಟು ಕಡಿಮೆ. ಅದೂ ಒಂದು ಲೆಕ್ಕಕ್ಕೆ ಬದ್ಧವಾಗಿ.

1827ರಲ್ಲಿ ಪುಸ್ತಕ ಬಂತು. ಹೊಗಳಿಕೆಯ ಬದಲು ತಾತ್ಸಾರ ಸಿಕ್ಕಿತು. ಓಮ್ ಕೆಲಸ ಬಿಟ್ಟ. 1833ರಲ್ಲಿ ನ್ಯೂರೆಂಬರ್ಗಿನಲ್ಲಿ ಒಂದು ಹುದ್ದೆ ಸಿಗುವವರೆಗೂ ಅಲ್ಲಿ ಇಲ್ಲಿ ಪಾಠ ಹೇಳಿ ದಿನ ದೂಡಿದ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕೋಪ್ಲಿ ಪದಕ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನ ಜೇಮ್ಸ್ ಜೂಲ್, ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಪ್ರಕಟಿಸಿದ. ನಮ್ಮ ಪ್ಲಗ್ಗಿನ ಲೆಕ್ಕ ಅವನದೇ. ಓಮ್ 1854ರಲ್ಲಿ ತೀರಿಕೊಂಡ. 1881ರ ಪ್ಯಾರಿಸ್ ಸಮ್ಮೇಳನದಲ್ಲಿ ರೋಧದ ಅಳತೆಗೆ ಅವನ ಹೆಸರು ಗಟ್ಟಿಯಾಯಿತು. ವ್ಯಾಟ್ ಎಂಬ ಹೆಸರನ್ನು ವಿಲಿಯಂ ಸೀಮೆನ್ಸ್ ಸೂಚಿಸಿದ್ದು ಮರುವರ್ಷ, 1882ರಲ್ಲಿ.

ಇದಾಗಿ ಇಪ್ಪತ್ತೇ ವರ್ಷಕ್ಕೆ ಈ ಲೆಕ್ಕ ನಮ್ಮೂರ ಕಡೆಗೆ ಬಂತು ನೋಡಿ! ನನ್ನೂರು ಮಳವಳ್ಳಿ ತಾಲ್ಲೂಕು, ಶಿವನಸಮುದ್ರ ಹತ್ತಿರದಲ್ಲೇ. 1902ರ ಜೂನಿನಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ, ವಿದ್ಯುತ್ ಹರಿಯಿತು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಮತ್ತು ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯೆರ್ ಸೇರಿ ಕಂಡ ಕನಸು. ಅದು ನನಸಾಗುವುದನ್ನು ನೋಡಲು ಅಯ್ಯರ್ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಅಷ್ಟು ದೂರದ ತಂತಿ ಎಂದರೆ ರೋಧವೂ ಅಷ್ಟೇ ದೊಡ್ಡದು. ಅದಕ್ಕೇ 35,000 ವೋಲ್ಟ್ ಇಟ್ಟರು. ಸುಮ್ಮನೆ ಲೆಕ್ಕಕ್ಕೆ ಹೇಳುತ್ತೇನೆ: 35 ಲಕ್ಷ ವ್ಯಾಟ್ ಕಳಿಸಬೇಕು ಅನ್ನಿ. 3,500 ವೋಲ್ಟಿನಲ್ಲಾದರೆ 1,000 ಆಂಪಿಯರ್ ಬೇಕು, 35,000 ವೋಲ್ಟಿನಲ್ಲಾದರೆ ಬರೀ 100 ಸಾಕು. ಕರೆಂಟು ಹತ್ತನೇ ಒಂದಾದರೆ, ಅದೇ ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ನೂರನೇ ಒಂದು ಪಾಲು! ನನ್ನ ಗೀಸರ್ ಪ್ಲಗ್ಗನ್ನು ಸುಟ್ಟ ಸೂತ್ರವೇ ಗಣಿಗೆ ಕರೆಂಟು ಮುಟ್ಟಿಸಿತು.

ಚಿಕ್ಕಂದಿನಲ್ಲಿ ನಮ್ಮ ಹೊಲದ ಮೇಲೇ ಲೈನು ಹಾದುಹೋಗುತ್ತಿತ್ತು. ಮನೆಯಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಅವ್ವ ಕಳೆ ಕೀಳುತ್ತಾ ತಲೆಯೆತ್ತಿ ಕೇಳುತ್ತಿದ್ದಳು, "ನಮ್ ತಲೆ ಮ್ಯಾಲೇ ಓಯ್ತದಲ್ಲಾ ಮಗ, ನಮ್ಮನೆಗ್ಯಾಕೆ ಇಳಿಯಾಕಿಲ್ಲ?"

ಮುಂದೆ ಐಟಿಐ ಓದಿ, ಮುಂಬಯಿಗೆ ಬಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಶಿಯನ್ ಆದ ಮೇಲೆ ಊರಿಗೆ ಹೋದಾಗ ವಿವರಿಸಿದೆ. ಅಷ್ಟು ವೋಲ್ಟೇಜು ನೇರ ಮನೆಗೆ ಇಳಿದರೆ ಮನೆಯೇ ಉಳಿಯುವುದಿಲ್ಲ, ಟ್ರಾನ್ಸ್‌ಫಾರ್ಮರ್ ಬೇಕು ಅಂತ. ಅವ್ವ ಎಲ್ಲಾ ಕೇಳಿಸಿಕೊಂಡು, "ಹಂಗಾರೆ ಅದ ತಂದು ಇಕ್ಕಾಕೆ ಇಷ್ಟ್ ವರ್ಸ ಬೇಕಾಗಿತ್ತಾ?" ಅಂದಳು.

ಗಣಿಗೆ 1902ರಲ್ಲಿ, ಬೆಂಗಳೂರಿಗೆ 1905ರಲ್ಲಿ. ನಮ್ಮ ಮನೆಗೆ ಬಂದಿದ್ದು ನಾನು ಊರು ಬಿಟ್ಟ ಮೇಲೆ. ಯಾರ ಮನೆಗೆ ಮೊದಲು ಅನ್ನುವುದಕ್ಕೆ ಓಮ್ ಮೇಷ್ಟ್ರ ಹತ್ತಿರ ಸೂತ್ರ ಇರಲಿಲ್ಲ. ಮೊಮ್ಮಗಳು ಎಂದಾದರೂ ಅದನ್ನೂ ಕೇಳುತ್ತಾಳೆ. ಆಗ ಪೇಪರು ಪೆನ್ನು ಸಾಕಾಗುವುದಿಲ್ಲ.