ಹಂದಿಗೋಡಿನ ಏಡಿ ಮತ್ತು ನಮ್ಮ ಒಂದು ರೂಪಾಯಿ

ಗದ್ದೆಗೆ ಹೊಡೆಯುವ ಕೀಟನಾಶಕಗಳ ಮೇಲೆ ಬಿಗಿಯಾದ ತಪಾಸಣೆ ನಡೆಯಲೆಂದು ಕಿಲೋ ಅಕ್ಕಿಗೆ ಒಂದು ರೂಪಾಯಿ ಹೆಚ್ಚು ಕೊಡಿ ಎಂದರೆ ಕೊಡುವಿರಾ? ಉತ್ತರಿಸುವ ಮೊದಲು ಸಾಗರ ತಾಲೂಕಿನ ಹಂದಿಗೋಡನ್ನು ನೆನೆಯಿರಿ.

1975ರ ಸುಮಾರಿಗೆ ಅಲ್ಲಿ ಬೆಳಕಿಗೆ ಬಂದ ಕಾಯಿಲೆ ಸೊಂಟ, ಮೊಣಕಾಲುಗಳ ಕೀಲುಗಳನ್ನೇ ತಿನ್ನುತ್ತಿತ್ತು. ಎಷ್ಟೋ ಜನ ತೆವಳಿಕೊಂಡೇ ಬದುಕಬೇಕಾಯಿತು. ಹೊಸನಗರ, ತೀರ್ಥಹಳ್ಳಿ ಕಡೆಯಲ್ಲೂ ರೋಗಿಗಳು ಕಂಡುಬಂದರು. ಹೆಚ್ಚಿನವರು ಚನ್ನಂಗಿ, ಚಲವಾದಿ ಸಮುದಾಯದ ಕೂಲಿಕಾರರು. ಗದ್ದೆಯ ಏಡಿ, ಮೀನು ಅವರ ಆಹಾರ. ಎಂಡ್ರಿನ್‌ನಂಥ ವಿಷ ಏಡಿಯ ಮೂಲಕ ದೇಹ ಸೇರಿತೆಂದು ಮೊದಲು ಶಂಕಿಸಲಾಯಿತು. ಮುಂದಿನ ಸಂಶೋಧನೆ ಇದನ್ನು ವಂಶಪಾರಂಪರ್ಯ ಮೂಳೆರೋಗವೆಂದು ಗುರುತಿಸಿತು. ಆದ್ದರಿಂದ ವಿಷವೇ ಕಾರಣವೆಂದು ಸಾರುವುದು ಸರಿಯಲ್ಲ.

ಆದರೆ ಆ ಶಂಕೆ ಸುಮ್ಮನೆ ಹುಟ್ಟಿದ್ದಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ತಾನೆ 1968ರ ಕೀಟನಾಶಕ ಕಾಯ್ದೆ ಬಂದದ್ದು! ಎಂಡ್ರಿನ್ ನಿಷೇಧಕ್ಕೆ 1990ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಅದರ ನಡುವೆ ನಿಂತವರು ಬರಿಗಾಲಿನ ಕೂಲಿಗಳು.

ನಮ್ಮ ರೂಪಾಯಿ ಉಳಿಯಿತೆ? ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಅದೇ ಕೋರ್ಟ್ ಆದೇಶಿಸಿತು.