ರೌಡಿ ಮನೆ ಎಲ್ಲಿ?

ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ದಾರಿ ಹೇಳುವುದು ಬಲು ಸುಲಭವಿತ್ತು. ಬೆಂಗಳೂರಿನ ಕಾಟನ್‌ಪೇಟೆ ಮುಖ್ಯರಸ್ತೆಯಿಂದ ಒಳಗೆ ತಿರುಗಿ, ಹಿಟ್ಟಿನ ಗಿರಣಿ ದಾಟಿ, 'ರೌಡಿ ಮನೆ ಎಲ್ಲಿ' ಅಂತ ಕೇಳಿದರೆ ಸಾಕು, ಯಾರಾದರೂ ಕೈ ತೋರಿಸುತ್ತಿದ್ದರು. ಅದರ ಎದುರಿನ ವಠಾರವೇ ನಮ್ಮದು. ಅಂಚೆಯವರಿಗೂ ಅದೇ ಗುರುತು, ಗ್ಯಾಸ್ ಸಿಲಿಂಡರ್ ತರುವವನಿಗೂ ಅದೇ ಗುರುತು, ಊರಿಂದ ಬರುವ ನೆಂಟರಿಗೆ ಅಪ್ಪ ಕಾಗದದಲ್ಲಿ ಬರೆಯುತ್ತಿದ್ದದ್ದೂ ಅದನ್ನೇ.

ಆ ಮನೆಯಲ್ಲಿ ಐದು ಜನ. ಮಿಲ್ಲಿನಿಂದ ರಿಟೈರಾಗಿ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದ ತಂದೆ, ಹೂ ಕಟ್ಟಿ ಮಾರುತ್ತಿದ್ದ ತಾಯಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ರೌಡಿ ಎನಿಸಿಕೊಂಡವನು ಆ ಮಗ ಒಬ್ಬನೇ, ಅವನೂ ವರ್ಷದ ಅರ್ಧ ಭಾಗ ಮನೆಯಲ್ಲಿ ಇರುತ್ತಿರಲಿಲ್ಲ. ಮೂವತ್ತು ವರ್ಷ ದುಡಿದ ತಂದೆಯ ಹೆಸರಿನಿಂದಾಗಲಿ, ಬೀದಿಗೆಲ್ಲ ಹೂ ಕೊಟ್ಟ ತಾಯಿಯ ಹೆಸರಿನಿಂದಾಗಲಿ ಆ ಮನೆಯನ್ನು ಯಾರೂ ಗುರುತಿಸಲಿಲ್ಲ.

ನಮ್ಮ ಬೀದಿಯಲ್ಲಿ ಹೀಗೆ ಮನೆ ಮಾಡಿಕೊಂಡಿದ್ದ ಈ ಪದ ಬಂದದ್ದು ಬಹು ದೂರದಿಂದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಾಡಂಚಿನಲ್ಲಿ ಹೇಳುವವರು ಕೇಳುವವರಿಲ್ಲದೆ ಬದುಕುತ್ತಿದ್ದ ಒರಟರಿಗೆ ಹಾಗೆ ಹೆಸರು ಬಿತ್ತು. ಗಲಾಟೆ ಎಂಬ ಅರ್ಥದ ಇನ್ನೊಂದು ಮಾತಿನಿಂದ ಬೆಳೆದಿರಬಹುದು ಎಂಬುದು ನಿಘಂಟುಕಾರರ ಊಹೆ. ಈಗ ಇಂಗ್ಲಿಷಿನಲ್ಲಿ ಅದರ ಖಾರವೆಲ್ಲ ಇಳಿದಿದೆ. ಗದ್ದಲ ಮಾಡುವ ತರಗತಿಗೂ, ಫುಟ್‌ಬಾಲ್ ನೋಡಿ ಕೂಗಾಡುವ ಗುಂಪಿಗೂ ಅದೇ ವಿಶೇಷಣ. ಅಲ್ಲಿಂದ ಇಲ್ಲಿಗೆ ಬಂದ ಮೇಲೆ ಅದಕ್ಕೆ ಮೈ ತುಂಬಿತು. ಕನ್ನಡದಲ್ಲಿ ಅದು ನಾಮಪದವಾಯಿತು, ವಿಭಕ್ತಿ ಹಚ್ಚಿಕೊಂಡಿತು, 'ತನ' ಸೇರಿಸಿಕೊಂಡು ರೌಡಿತನವಾಯಿತು. ಪುಡಿ ರೌಡಿ, ಮರಿ ರೌಡಿ, ಕುಖ್ಯಾತ ರೌಡಿ ಎಂಬ ದರ್ಜೆಗಳು ಹುಟ್ಟಿದವು. 'ಮಾಜಿ ರೌಡಿ' ಅಂತಲೂ ಬಂತು. ಮಾಜಿ ಎಂಬ ಮರ್ಯಾದೆ ನಮ್ಮಲ್ಲಿ ಮಂತ್ರಿಗೆ ಸಿಗುತ್ತದೆ, ಸೈನಿಕನಿಗೆ ಸಿಗುತ್ತದೆ, ಅವರ ಜೊತೆಗೆ ರೌಡಿಗೂ ಸಿಕ್ಕಿದೆ. ಮಾಜಿ ಕಳ್ಳ ಅಂತ ಯಾರೂ ಅನ್ನುವುದಿಲ್ಲ. ಅಂದರೆ ರೌಡಿಯೆಂಬುದು ಒಂದು ಹುದ್ದೆ ಅಂತ ನಾವು ಯಾವಾಗಲೋ ಒಪ್ಪಿಕೊಂಡುಬಿಟ್ಟಿದ್ದೇವೆ.

ಹಾಗಂತ ಕನ್ನಡಕ್ಕೆ ಈ ಬಗೆಯ ಪದಗಳ ಬಡತನವೇನೂ ಇರಲಿಲ್ಲ. ಪುಂಡ, ಪೋಕರಿ, ಕಿಡಿಗೇಡಿ, ಧಾರವಾಡದ ಕಡೆಯ ಉಡಾಳ, ಎಲ್ಲ ಇದ್ದವು. ಆದರೆ ಪುಂಡನನ್ನು ಊರು ಬೈದುಕೊಂಡೇ ಸಾಕುತ್ತದೆ. ಯಕ್ಷಗಾನದಲ್ಲಿ ಅಭಿಮನ್ಯು, ಬಭ್ರುವಾಹನರ ವೇಷಕ್ಕೆ ಪುಂಡುವೇಷ ಅಂತಲೇ ಹೆಸರು. ಅವರು ದಿಗಿಣ ಹಾಕಿದರೆ ಜನ ಚಪ್ಪಾಳೆ ತಟ್ಟುತ್ತಾರೆ. 'ನನ್ನ ಮಗ ಶುದ್ಧ ಉಡಾಳ' ಅಂತ ತಾಯಿ ನಗುನಗುತ್ತಲೇ ಹೇಳಬಲ್ಲಳು. ಮೊಮ್ಮಗ ಸ್ಟೀಲ್ ಲೋಟ ಎತ್ತಿ ಎಸೆದರೆ 'ಬಂದ ನೋಡಿ ನಮ್ಮನೆ ರೌಡಿ' ಎನ್ನುವ ಅಜ್ಜಿಯರೂ ಉಂಟು. ಆ ತಮಾಷೆ ಎಲ್ಲ ಮನೆಯಲ್ಲೂ ನಡೆಯುತ್ತಿತ್ತು, ಎದುರು ಮನೆಯೊಂದನ್ನು ಬಿಟ್ಟು. ಬೀದಿಯೆಲ್ಲ ಆ ಪದದಿಂದ ಗುರುತಿಸುತ್ತಿದ್ದ ಮನೆಯ ಒಳಗೆ ಮಾತ್ರ ಆ ಪದ ಒಮ್ಮೆಯೂ ನನ್ನ ಕಿವಿಗೆ ಬಿದ್ದಿಲ್ಲ.

ಈ ಪದಕ್ಕೆ ಇಷ್ಟು ತೂಕ ಬಂದದ್ದು ಪೊಲೀಸ್ ಠಾಣೆಯಲ್ಲಿ. ಕಾನೂನಿನ ಪುಸ್ತಕಕ್ಕೆ ಪ್ರಿಯವಾದದ್ದು ಗೂಂಡಾ. 1985ರ ಉದ್ದ ಹೆಸರಿನ ಕಾಯ್ದೆಯನ್ನು ನಾವೆಲ್ಲ ಗೂಂಡಾ ಕಾಯ್ದೆ ಅಂತಲೇ ಕರೆಯುತ್ತೇವೆ. ರೌಡಿ ಇರುವುದು ಠಾಣೆಯ ರಿಜಿಸ್ಟರಿನಲ್ಲಿ. ಒಬ್ಬನ ಹೆಸರಿನಲ್ಲಿ ಹಾಳೆ ತೆರೆದರೆ ಅವನು ರೌಡಿ ಶೀಟರ್. ಗಣೇಶನ ಹಬ್ಬವೋ ಚುನಾವಣೆಯೋ ಹತ್ತಿರ ಬಂದರೆ ಕರೆಸಿ ಸಾಲಾಗಿ ನಿಲ್ಲಿಸುತ್ತಾರೆ, ಅದು ಪರೇಡ್. ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಮಾತು ಮೀರಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಗಡಿಪಾರು. ಇ-ಮೇಲ್ ವಿಳಾಸದ ನಡುವೆ ಬರುವ ಸುತ್ತುಗೆರೆಯ ಚಿಹ್ನೆಯನ್ನು ನಾನು ಮೊದಲು ನೋಡಿದ್ದು ಕಂಪ್ಯೂಟರಿನಲ್ಲಲ್ಲ, ಎದುರು ಮನೆಗೆ ಬಂದ ಒಂದು ಸಮನ್ಸಿನಲ್ಲಿ. ತಾಯಿ ಇಟ್ಟ ಹೆಸರು ಈಚೆಗೆ, ಬೀದಿ ಇಟ್ಟ ಹೆಸರು ಆಚೆಗೆ, ನಡುವೆ ಆ ಚಿಹ್ನೆ. ಅಲಿಯಾಸ್ ಅಂತ ಓದಿಕೊಳ್ಳಬೇಕು ಎಂದು ಅಪ್ಪ ಹೇಳಿಕೊಟ್ಟರು.

ಬೀದಿ ಇಡುವ ಹೆಸರುಗಳಲ್ಲೂ ಒಂದು ವ್ಯಾಕರಣವಿದೆ. ಕೆಲವರಿಗೆ ಏರಿಯಾದ ಹೆಸರು, ಕೆಲವರಿಗೆ ಮೈಕಟ್ಟಿನ ಹೆಸರು, ಕೆಲವರಿಗೆ ಕಸುಬಿನ ಹೆಸರು. ಬೆಂಗಳೂರಿನ ಆಯಿಲ್ ಕುಮಾರನಿಗೆ ಆ ಹೆಸರು ತಂದುಕೊಟ್ಟದ್ದು ಅವನ ಎಣ್ಣೆಯ ದಂಧೆ. 1986ರಲ್ಲಿ ಕೊಲೆಯಾದ ಕೊತ್ವಾಲ್ ರಾಮಚಂದ್ರನ ಹೆಸರು ಇನ್ನೂ ಸ್ವಾರಸ್ಯದ್ದು. ಕೊತ್ವಾಲ ಎಂದರೆ ಹಳೆಯ ಕಾಲದಲ್ಲಿ ಪಟ್ಟಣದ ಕಾವಲಿನ ಅಧಿಕಾರಿ. ಇವತ್ತಿನ ಲೆಕ್ಕದಲ್ಲಿ ಪೊಲೀಸರ ದೊಡ್ಡ ಸಾಹೇಬ. ಆ ಕಾಲದ ಇನ್ನೊಂದು ಹೆಸರು ಎಂ.ಪಿ. ಜಯರಾಜ್. ಪೇಟೆಯ ಗರಡಿಮನೆಗಳ ಕೆಮ್ಮಣ್ಣಿಗೂ ದೇವರಾಜ ಅರಸರ ಕಾಲದ ರಾಜಕೀಯಕ್ಕೂ ನಂಟು ಬೆಳೆದಾಗ ಮೇಲೆ ಬಂದವನು. 'ಗರೀಬಿ ಹಟಾವೋ' ಎಂಬ ಪತ್ರಿಕೆಯನ್ನೂ ನಡೆಸಿದವನು. 1989ರ ನವೆಂಬರಿನಲ್ಲಿ ಲಾಲ್‌ಬಾಗ್ ಹತ್ತಿರ ಅವನನ್ನು ಗುಂಡಿಟ್ಟು ಕೊಂದ ಸುದ್ದಿ ಬಂದ ಸಂಜೆ ನಮ್ಮ ಬೀದಿಯ ಅಂಗಡಿಗಳು ಬೇಗ ಬಾಗಿಲು ಹಾಕಿದ್ದು ನನಗೆ ನೆನಪಿದೆ. ಎದುರು ಮನೆಯ ತಾಯಿ ಆವತ್ತು ಮಾರದೆ ಉಳಿದ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಬಾಗಿಲಲ್ಲೇ ಕೂತಿದ್ದರು. ಮಗ ಎಲ್ಲಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ.

ಆ ಲೋಕದವರೇ ಆ ಲೋಕವನ್ನು ಏನೆಂದು ಕರೆದುಕೊಂಡರು? ಅಗ್ನಿ ಶ್ರೀಧರ್ ತಮ್ಮ ಆತ್ಮಕಥನಕ್ಕೆ ಇಟ್ಟ ಹೆಸರು 'ದಾದಾಗಿರಿಯ ದಿನಗಳು'. 2007ರಲ್ಲಿ ಬಂದ 'ಆ ದಿನಗಳು' ಸಿನಿಮಾ ಅದನ್ನು ಆಧರಿಸಿದ್ದು. ರೌಡಿಗಿರಿ ಅನ್ನದೆ ದಾದಾಗಿರಿ ಎಂದದ್ದನ್ನು ಗಮನಿಸಿ. ದಾದಾ ಎಂದರೆ ಮರಾಠಿ, ಬಂಗಾಳಿಗಳಲ್ಲಿ ಅಣ್ಣ. ಬೆಂಗಳೂರಿನ ಹುಡುಗರೂ 'ಅಣ್ಣ' ಎಂದೇ ಕರೆದರು. ಕೈಕೆಳಗಿನವನು ಶಿಷ್ಯ, ಜೊತೆಗಾರ ಮಗಾ, ಎಲ್ಲರೂ ಸೇರಿದರೆ ನಮ್ಮ ಹುಡುಗರು. ಒಂದು ಗ್ಯಾಂಗಿನ ಮಾತು ಕೇಳಿಸಿಕೊಂಡರೆ ಅವಿಭಕ್ತ ಕುಟುಂಬದ ಮಾತು ಕೇಳಿದ ಹಾಗೆ ಇರುತ್ತದೆ. ಮುಖದ ಮುಂದೆ ರೌಡಿ ಎಂಬ ಮಾತಿಲ್ಲ. ವೃತ್ತಿಗೆ 'ಫೀಲ್ಡ್' ಎಂಬ ಮೆದು ಪದ, ಕ್ರಿಕೆಟ್ಟಿಗೋ ಬಿಸಿನೆಸ್ಸಿಗೋ ಹೊಂದುವಂಥದ್ದು.

ಹೀಗೆ ಬೇರೆ ಕಡೆಯ ಸಾಧು ಪದಗಳನ್ನು ಎತ್ತಿ ತಂದು ಪಳಗಿಸುವುದರಲ್ಲಿ ಫೀಲ್ಡಿನವರು ನಿಸ್ಸೀಮರು. ಶಾಲೆಯಲ್ಲಿ ಹಾಜರಿ ಕೂಗುವ ರೋಲ್‌ಕಾಲ್ ಬೆಂಗಳೂರಿನಲ್ಲಿ ಹೆದರಿಸಿ ಹಣ ಕೀಳುವುದಾಯಿತು. ಅಂಗಡಿಯಿಂದ ಅಂಗಡಿಗೆ ಹೋಗಿ ತಿಂಗಳ ಹಾಜರಿ ಹಾಕಿಸಿಕೊಳ್ಳುವುದನ್ನು ನೆನೆದರೆ ಪದ ಎಷ್ಟು ಒಪ್ಪುತ್ತದೆ! ಚಿತ್ರ ಬಿಡಿಸುವ ಸ್ಕೆಚ್ ಕೊಲೆಯ ಹೊಂಚಾಯಿತು. ಉದ್ದ ಎಂಬ ಅರ್ಥದ 'ಲಾಂಗ್' ಬಾಲಕ್ಕೊಂದು ಉಕಾರ ಅಂಟಿಸಿಕೊಂಡು ಕೈಯಲ್ಲಿ ಹಿಡಿಯುವ ಲಾಂಗು ಆಯಿತು. ಅಡಿಕೆ ಎಂಬ ಅರ್ಥದ ಸುಪಾರಿ ಕೊಲೆಯ ಗುತ್ತಿಗೆಯಾಯಿತು. ಇದು ನಮಗೆ ತೀರ ಹೊಸದೂ ಅಲ್ಲ, ಯುದ್ಧಕ್ಕೆ ಹೊರಡುವವನು ರಣವೀಳ್ಯ ಹಿಡಿಯುತ್ತಿದ್ದ ನಾಡು ಇದು.

ಠಾಣೆಗೆ ಒಂದು ನುಡಿಗಟ್ಟು, ಫೀಲ್ಡಿಗೆ ಇನ್ನೊಂದು. ಮನೆಗೆ ಮೂರನೆಯದೊಂದಿತ್ತು. ಅದನ್ನು ಯಾವ ನಿಘಂಟೂ ದಾಖಲಿಸಿಲ್ಲ, ನನಗೆ ಕೇಳಿಸಿದ್ದು ಎದುರು ವಠಾರದಲ್ಲಿ ಬೆಳೆದದ್ದರಿಂದ.

ಅದರ ಮೊದಲ ಪದ 'ಊರು'. ರಾತ್ರಿ ಬೀಟಿನ ಪೊಲೀಸರು ಬಾಗಿಲು ತಟ್ಟುತ್ತಿದ್ದರು. 'ಏನಮ್ಮಾ, ಇದ್ದಾನಾ?' 'ಇಲ್ಲ ಸ್ವಾಮಿ, ಊರಿಗೆ ಹೋದ.' ಆ ಕುಟುಂಬಕ್ಕೆ ಕಾಟನ್‌ಪೇಟೆ ಬಿಟ್ಟರೆ ಬೇರೆ ಊರೇ ಇರಲಿಲ್ಲ. ಊರು ಎಂದರೆ ಕೆಲವು ಸಲ ತಲೆಮರೆಸಿಕೊಂಡಿದ್ದಾನೆ ಎಂದು, ಹೆಚ್ಚಿನ ಸಲ ಒಳಗಿದ್ದಾನೆ ಎಂದು. ಆಗ ಸೆಂಟ್ರಲ್ ಜೈಲು ಇದ್ದದ್ದು ಗಾಂಧಿನಗರದ ಪಕ್ಕದಲ್ಲಿ, ಈಗ ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿ. ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರ. ಆ ತಾಯಿ ಬಟ್ಟೆಚೀಲದಲ್ಲಿ ಬಾಳೆಹಣ್ಣು, ಬನ್ನು ಇಟ್ಟುಕೊಂಡು, ಮುಡಿಗೆ ಹೂ ಮುಡಿಯದೆ ಹೊರಟರೆ ನನ್ನಮ್ಮ ಕಿಟಕಿಯಲ್ಲೇ ಕೇಳುತ್ತಿದ್ದರು: 'ಊರಿಗಾ ಅಕ್ಕ?' 'ಹೂಂ ಕಣಮ್ಮ, ಊರಿಗೆ.' ಇಬ್ಬರಿಗೂ ಗೊತ್ತಿತ್ತು. ಆ ಒಂದು ಸುಳ್ಳಿನಲ್ಲಿ ನಮ್ಮಮ್ಮ ಅವರಿಗೆ ಸಲ್ಲಿಸುತ್ತಿದ್ದ ಮರ್ಯಾದೆ ನನಗೆ ಅರ್ಥವಾದದ್ದು ಬಹಳ ತಡವಾಗಿ.

ಎರಡನೆಯ ಪದ 'ಸಹವಾಸ'. ಮಗ ಹೀಗೇಕಾದ ಎಂದು ಯಾರಾದರೂ ಕೇಳಿದರೆ ಆ ತಾಯಿಯ ಬಾಯಲ್ಲಿ ಬರುತ್ತಿದ್ದದ್ದು ಇಷ್ಟೇ: 'ಸಹವಾಸ ಕೆಟ್ಟಿತು.' ಅದರಲ್ಲಿ ಮಗನ ತಪ್ಪೂ ಇತ್ತು, ಇತರರ ತಪ್ಪೂ ಇತ್ತು, ಯಾರದು ಎಷ್ಟು ಎಂದು ತೂಗುವ ಗೋಜು ಇರಲಿಲ್ಲ. ತಮಾಷೆಯೆಂದರೆ ಬೀದಿಯ ಆ ತುದಿಯಲ್ಲಿ, ಅವನ ಜೊತೆ ತಿರುಗುತ್ತಿದ್ದ ಇನ್ನೊಬ್ಬನ ಮನೆಯಲ್ಲೂ ಇದೇ ಮಾತು. ಒಬ್ಬ ತಾಯಿಯ ಮಗ ಇನ್ನೊಬ್ಬ ತಾಯಿಯ ಮಗನಿಗೆ ಕೆಟ್ಟ ಸಹವಾಸ.

ಮೂರನೆಯದು 'ಬಿಸಿನೆಸ್'. ಹೆಣ್ಣು ನೋಡಲು ಬಂದವರು ಕೇಸರಿಬಾತಿನ ತಟ್ಟೆ ಹಿಡಿದು 'ಹುಡುಗಿಯ ಅಣ್ಣ ಏನು ಮಾಡ್ಕೊಂಡಿದ್ದಾರೆ' ಅಂತ ಕೇಳಿದರೆ ಉತ್ತರ ಅದು. 'ಏನು ಬಿಸಿನೆಸ್ಸು' ಅಂತ ಮುಂದೆ ಕೇಳಿದರೆ ತಂದೆ ಬೀಡಿ ಹುಡುಕಿಕೊಂಡು ಏಳುತ್ತಿದ್ದರು. ಹೋಗುವಾಗ ಬಂದವರು ಮೂಲೆಯ ಅಂಗಡಿಯಲ್ಲಿ ವಿಚಾರಿಸುತ್ತಿದ್ದರು. ಅಂಗಡಿಯವನು ಹೆಚ್ಚೇನೂ ಹೇಳಬೇಕಾಗಿರಲಿಲ್ಲ. 'ಓ, ರೌಡಿ ಮನೇನಾ' ಎಂದರೆ ಸಾಕು. ದೊಡ್ಡವಳಿಗೆ ಹೇಗೋ ದೂರದ ಸಂಬಂಧ ಕೂಡಿ ಬಂತು. ಚಿಕ್ಕವಳಿಗೆ ಬರಲೇ ಇಲ್ಲ. ಠಾಣೆಯ ಹಾಳೆಯಲ್ಲಿ ಇದ್ದದ್ದು ಒಬ್ಬನ ಹೆಸರು. ನಾವು ಬೀದಿಯವರು ಅದರಲ್ಲಿ ಐವರನ್ನೂ ಬರೆದಿದ್ದೆವು.

ಈ ಸಂಕಟ ನಮ್ಮ ಸಿನಿಮಾದವರಿಗೆ ಆಗೀಗ ಕಣ್ಣಿಗೆ ಬಿದ್ದಿದೆ. 1995ರ 'ಓಂ' ಅಂದರೆ ಜನ ಲಾಂಗು ನೆನೆಯುತ್ತಾರೆ, ನಿಜವಾದ ರೌಡಿಗಳೇ ಅದರಲ್ಲಿ ನಟಿಸಿದ್ದನ್ನು ಹೇಳುತ್ತಾರೆ. ಆದರೆ ಅದು ಪುರೋಹಿತರ ಮನೆಯೊಂದರ ಮಗ ಹಾದಿ ತಪ್ಪಿದ ಕತೆಯೂ ಹೌದು. 2005ರ 'ಜೋಗಿ' ಇನ್ನೂ ಆಳಕ್ಕೆ ಇಳಿಯಿತು. ಮಗನನ್ನು ಹುಡುಕಿಕೊಂಡು ಹಳ್ಳಿಯಿಂದ ಬೆಂಗಳೂರಿಗೆ ಬಂದ ತಾಯಿ ಅವನ ಪಕ್ಕದಲ್ಲೇ ಹಾದುಹೋದರೂ ಸಿಗುವುದಿಲ್ಲ. ಕೊನೆಗೆ ಯಾರದೋ ಅನಾಥ ಹೆಣವೆಂದುಕೊಂಡು ಅವನು ಮೆರವಣಿಗೆಯ ಮುಂದೆ ಕುಣಿಯುತ್ತಾನೆ, ಆ ಹೆಣ ಅವಳದೇ. ನಮ್ಮ ವಠಾರದ ಹೆಂಗಸರೆಲ್ಲ ಒಟ್ಟಾಗಿ ಆ ಸಿನಿಮಾಕ್ಕೆ ಹೋಗಿ ಅತ್ತು ಬಂದರು. ಎದುರು ಮನೆಯವರನ್ನು ಕರೆಯಲಿಲ್ಲ.

ಎದುರು ಮನೆಯ ಮಗ ಸತ್ತದ್ದು ಅದಕ್ಕೂ ಎಷ್ಟೋ ಮೊದಲು. ಲಾಂಗಿಗಲ್ಲ, ಗುಂಡಿಗಲ್ಲ, ಕಾಮಾಲೆಗೆ. ಪತ್ರಿಕೆಯಲ್ಲಿ ಬರಲಿಲ್ಲ. ಹೆಣ ಎತ್ತುವ ಹೊತ್ತಿಗೆ 'ಅಣ್ಣಾ' ಎಂದು ಅಳಲು ಹತ್ತು ಜನ ಹುಡುಗರು ಬಂದಿದ್ದರು, ಹನ್ನೊಂದನೆಯ ದಿನದ ಕಾರ್ಯಕ್ಕೆ ಇಬ್ಬರು. ಆಮೇಲೂ ಬೀಟಿನವರು ಬಂದು ವಿಚಾರಿಸುವುದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಠಾಣೆಗೆ ಹೊಸಬರು ಬಂದಾಗಲೆಲ್ಲ ಹಳೆಯ ಪಟ್ಟಿ ಹಿಡಿದು ಬರುತ್ತಿದ್ದರು. ಆ ತಾಯಿ ಮರಣ ಪ್ರಮಾಣಪತ್ರದ ನಾಲ್ಕೈದು ಜೆರಾಕ್ಸ್ ಮಾಡಿಸಿ ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದರು. ಯಾರಾದರೂ ಬಂದು 'ಇದ್ದಾನಾ' ಎಂದರೆ ಒಂದು ತೆಗೆದು ಕೊಡುತ್ತಿದ್ದರು. ಊರಿಗೆ ಹೋದ ಎನ್ನುವುದನ್ನು ಆಗ ಬಿಟ್ಟಿದ್ದರು.

ನಾವು ಆ ವಠಾರ ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಕಳೆದ ತಿಂಗಳು ಪೇಟೆ ಕಡೆ ಕೆಲಸವಿತ್ತು, ಹಳೆಯ ಬೀದಿ ನೋಡೋಣವೆಂದು ಒಳಗೆ ತಿರುಗಿದೆ. ಗಿರಣಿ ಇರಲಿಲ್ಲ. ವಠಾರ ಇದ್ದ ಕಡೆ ನಾಲ್ಕು ಮಹಡಿ ಗೋಡೌನು ಎದ್ದಿದೆ. ದಿಕ್ಕು ತಪ್ಪಿದಂತಾಗಿ ಮೊಬೈಲ್ ರಿಪೇರಿ ಅಂಗಡಿಯ ಹುಡುಗನನ್ನು ಕೇಳಿದೆ, ಬಾಯಿಗೆ ಬಂದದ್ದು ಹಳೆಯ ಮಾತೇ: 'ಇಲ್ಲಿ ರೌಡಿ ಮನೆ ಅಂತ ಇತ್ತಲ್ಲ, ಎಲ್ಲಿ?'

ಅವನು ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. 'ರೌಡಿ ಮನೇನಾ? ಹಂಗೆ ಯಾವುದೂ ಇಲ್ಲ ಸಾರ್.' ನಾನು ಹೆಂಚು, ಜಗಲಿ, ಹೂ ಮಾರುವವರು ಅಂತ ಗುರುತು ಹೇಳಿದೆ. 'ಓ, ಫಾಲ್ ಆಂಟಿ ಮನೆ ಹೇಳ್ತಿದ್ದೀರಾ?' ಎಂದು ಕೈ ತೋರಿಸಿದ. ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಚಿಕ್ಕವಳು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಹುಡುಗನ ಹತ್ತಿರ ಕೇಳಿದ್ದು ಅವಳಿಗೆ ಕೇಳಿಸುವಷ್ಟು ದೂರದಲ್ಲೇ ಇದ್ದಳು.

ಆ ಪದವನ್ನು ಆ ಬೀದಿ ಯಾವಾಗಲೋ ಬಿಟ್ಟಿತ್ತು. ಆವತ್ತು ಅದನ್ನು ಅಲ್ಲಿಗೆ ಮತ್ತೆ ತಂದವನು ನಾನು.