ಜಯಲಕ್ಷ್ಮಿ ವಿಲಾಸ: ರಾಜಕುಮಾರಿಯ ಮನೆ, ಜನರ ಆಸ್ತಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸವನ್ನು 1905ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಅವರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ ಅವರಿಗಾಗಿ ಕಟ್ಟಲಾಯಿತು. ಕುವೆಂಪು ಕುಲಪತಿಗಳಾಗಿದ್ದ 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಕೊಂಡಿತು.

ಫ್ಲ್ಯಾಟ್ ಮಾಡಿ ಮಾರಿದ್ದರೆ ಬಾಗಿಲು ಕೊಂಡೋರಿಗೆ ಮಾತ್ರ ತೆರೀತಿತ್ತು. ಹಾಗಾಗದೆ, 1968ರಲ್ಲಿ ಶುರುವಾದ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಇಲ್ಲಿ ನೆಲೆ ಕಂಡಿತು. ತೊಗಲುಗೊಂಬೆ, ಹಳ್ಳಿ ಮನೆಗಳ ಪಾತ್ರೆ ಪಗಡಗಳು ಅರಮನೆಯ ಕೋಣೆ ಸೇರಿದವು.

ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿಯಾದರೂ, ಮುಂದೆ ಕಟ್ಟಡ ಮತ್ತೆ ಶಿಥಿಲವಾಯಿತು. ಒಂದು ಸಲದ ರಿಪೇರಿ ಸಾಲದು ಅನ್ನೋದು ಇಲ್ಲಿ ಕಾಣುತ್ತೆ.

ಸಂತೆಮರಹಳ್ಳಿ ಸುತ್ತಮುತ್ತ ತೊಟ್ಟಿ ಮನೆ ಉಳಿಸಿಕೊಂಡವರೂ ಗಮನಿಸಬೇಕು: ಪಾಲು ಮಾಡಿಕೊಳ್ಳುವಾಗ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಹೊಣೆ ಯಾರದು ಅನ್ನೋದನ್ನೂ ಪಾಲುಪತ್ರದಲ್ಲೇ ಬರೆಸಿಕೊಳ್ಳಿ.